ಶಕೀಲನ ಮನೆಗೆ ಯಾರೂ ಫೋನ್ ಮಾಡಬೇಡಿ

ಹನಗೋಡಿನ ಬಡಗಿ ಶಕೀಲನ ಮನೆಯೊಳಗೆ ಮೊಬೈಲ್ ಸಿಗ್ನಲ್ ಕಾಲಿಡುತ್ತಿರಲಿಲ್ಲ. ಹಿತ್ತಲಿನ ಒಗೆಯುವ ಕಲ್ಲು ಹತ್ತಿ ನಿಂತರೆ ಒಂದು ಕಡ್ಡಿ ಬರುತ್ತಿತ್ತು, ಅದೂ ಅದಕ್ಕೆ ಮನಸ್ಸಾದರೆ. ಹಾಗಾಗಿ ಹಳೆಯ ಲ್ಯಾಂಡ್‌ಲೈನಿನ ತಂತಿಯಲ್ಲೇ ಇಂಟರ್‌ನೆಟ್ ಹಾಕಿಸಿದ್ದ. ಗೋಡೆಯಿಂದ ಬಂದ ತಂತಿ ಒಂದು ಪುಟ್ಟ ಬಿಳಿ ಡಬ್ಬಿಗೆ ಸೇರಿ, ಅಲ್ಲಿಂದ ಒಂದು ಕವಲು ಫೋನಿಗೆ, ಇನ್ನೊಂದು ಮೋಡೆಮ್ಮಿಗೆ ಹೋಗುತ್ತಿತ್ತು. ಫೋನು ಅಡುಗೆಮನೆಯಲ್ಲಿರಲಿ ಎಂದು ಹೆಂಡತಿ ಕರೀಮುನ್ನೀಸಾ ಹಟ ಹಿಡಿದಳು. ಮರಕ್ಕೆ ಮರ ಕೂಡಿಸುವವನಿಗೆ ತಂತಿಗೆ ತಂತಿ ಕೂಡಿಸುವುದು ಯಾವ ಮಹಾ ಕೆಲಸ? ಶಕೀಲ ಡಬ್ಬಿಯನ್ನು ಕಿತ್ತು, ತಂತಿಗಳನ್ನು ಜಡೆಯಂತೆ ಹೆಣೆದು, ಮೇಲೆ ಟೇಪು ಸುತ್ತಿದ.

ಅವತ್ತು ಮಧ್ಯಾಹ್ನ ಕೊಡಗಿನಲ್ಲಿ ರೆಸಾರ್ಟ್ ಕಟ್ಟಿಸುತ್ತಿದ್ದ ಮೇದಪ್ಪ ವಿಡಿಯೋದಲ್ಲಿ ಅವನ ಕೆತ್ತನೆ ನೋಡುವವರಿದ್ದರು. ಒಪ್ಪಿಗೆಯಾದರೆ ಅಲ್ಲಿನ ಬಾಗಿಲು, ಮಂಚ, ಉಯ್ಯಾಲೆ ಎಲ್ಲವೂ ಶಕೀಲನ ಕೈಗೆ. ಊರವರ ಮುರಿದ ಮಂಚಗಳಿಗೆ ಮೊಳೆ ಹೊಡೆದು ಅವನಿಗೆ ಸಾಕಾಗಿತ್ತು.

ಬೆಳಿಗ್ಗೆ, ಹುಣಸೂರಿನಲ್ಲಿ ಫರ್ನಿಚರ್ ಅಂಗಡಿ ಇಟ್ಟಿದ್ದ ಹೆಂಡತಿಯ ತಮ್ಮ ಉಮರನಿಗೆ ಪರೀಕ್ಷೆಗೆಂದು ವಿಡಿಯೋ ಕರೆ ಮಾಡಿದ. ಮೇದಪ್ಪನ ಪರಿಚಯ ಮಾಡಿಸಿಕೊಟ್ಟಿದ್ದೂ ಅವನೇ. ಉಮರ ಆಕಳಿಸಲು ಬಾಯಿ ತೆರೆದ. ಅಷ್ಟರಲ್ಲಿ ಅಡುಗೆಮನೆಯಲ್ಲಿ ಫೋನು ಬಡಿದುಕೊಂಡಿತು. ಉಮರನ ಬಾಯಿ ತೆರೆದಂತೆಯೇ ನಿಂತುಬಿಟ್ಟಿತು, ಹಲ್ಲಿನ ಡಾಕ್ಟರ ಮುಂದೆ ಕೂತವನ ಹಾಗೆ.

ಫೋನು ಪಕ್ಕದ ಮನೆಯ ದೊಡ್ಡತಾಯಮ್ಮನಿಗೆ. ಹಂಪಾಪುರದ ಮಗಳು ಭಾಗ್ಯಮ್ಮ ದಿನವೂ ಇಲ್ಲಿಗೇ ಮಾಡುತ್ತಿದ್ದಳು. ಅವರ ಮಾತು ಮುಗಿದ ಮೇಲೆ ಶಕೀಲ ಎಕ್ಸ್‌ಚೇಂಜಿಗೆ ಫೋನು ಹಚ್ಚಿದ.

"ಡಬ್ಬಿ ಏನ್ ಮಾಡಿದ್ರಿ?" ಲೈನ್‌ಮನ್ ಕೇಳಿದ. "ಮಾತು ತಗ್ಗಿನ ದನಿ, ನೆಟ್ಟು ಕಿವಿಗೆ ಕೇಳದ ಎತ್ತರದ ದನಿ. ಎರಡೂ ಒಂದೇ ತಂತೀಲಿ ಬತ್ತವೆ ಕಣ್ರೀ. ಒಂದರ ಮೇಲೊಂದು ಬೀಳದಂಗೆ ಬೇರೆ ಮಾಡೋದೇ ಆ ಡಬ್ಬಿ. ಮೊದ್ಲು ಅದನ್ನ ಹಾಕಿ."

ಡಬ್ಬಿ ಸಿಕ್ಕಿತು. ಬಡಗಿಯ ಮನೆಯಲ್ಲೇ ಕುಂಟುತ್ತಿದ್ದ ಗ್ಯಾಸ್ ಮೇಜಿನ ಕಾಲಡಿ ಕರೀಮುನ್ನೀಸಾ ಅದನ್ನು ಇಟ್ಟಿದ್ದಳು. ಈಗ ಹಪ್ಪಳವಾಗಿತ್ತು.

"ಮೇಜು ಸರಿ ಮಾಡಿ ಅಂತ ವರ್ಷದಿಂದ ಹೇಳ್ತಿದ್ದೆ," ಎಂದಳು ಅವಳು, ಈರುಳ್ಳಿಯಿಂದ ಕಣ್ಣೆತ್ತದೆ.

ಎದುರು ಮನೆಯ ತಿಮ್ಮಯ್ಯ ಎಲ್ಲವನ್ನೂ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಿದ್ದ. ಯಾರ ಮನೆಯ ತೊಂದರೆಯಾದರೂ ಅವನಿಗೆ ಸ್ವಂತದ್ದೇ. "ಡಬ್ಬಿ ಯಾಕ್ಲಾ ಬೇಕು? ಯಾರೂ ಫೋನ್ ಮಾಡ್ದಿದ್ರೆ ಆಯ್ತು. ಊರಿಗೆಲ್ಲ ನಾನ್ ಹೇಳ್ತೀನಿ ಬುಡು," ಎಂದು ಸ್ಕೂಟರ್ ಏರಿದ.

ಹೇಳಿಯೂ ಹೇಳಿದ. ಸಂತೆಮಾಳದಲ್ಲಿ, ಹಾಲಿನ ಡೈರಿಯಲ್ಲಿ, ಬಸ್ಸಿನ ಕಿಟಕಿಗಳಿಗೆ ಮುಖ ಹಾಕಿ. "ಶಕೀಲನ ಮನೆಗೆ ಯಾರೂ ಫೋನ್ ಮಾಡ್ಬೇಡಿ. ಇವತ್ತೊಂದಿನ ಅವ್ರನ್ನ ಅವ್ರ ಪಾಡಿಗೆ ಬುಟ್‌ಬುಡಿ." ಯಾಕೆ ಎಂದು ಹೇಳುವಷ್ಟರಲ್ಲಿ ಬಸ್ಸುಗಳು ಹೊರಟುಬಿಡುತ್ತಿದ್ದವು.

ಆಮೇಲೆ ಶುರುವಾಯಿತು. ಫೋನು ಎದೆಹಾಲಿಗೆ ಅಳುವ ಕೂಸಿನಂತೆ ಬಾಯಿ ಮುಚ್ಚಲಿಲ್ಲ. ಕಟ್ಟೆಮಳಲವಾಡಿಯಿಂದ ಸಿದ್ದಲಿಂಗಮ್ಮ: "ನಿಮ್ಮನೆಗೆ ಫೋನ್ ಮಾಡ್ಬಾರ್ದಂತಲ್ಲ, ನಿಜವಾ ಅಂತ ಕೇಳಾನ ಅಂತ ಮಾಡ್ದೆ." ಹುಣಸೂರಿನ ಮರದ ಮಿಲ್ಲಿನವರು: "ಏನಾಯ್ತು ಅಂತ ಕೇಳಲ್ಲ. ಧೈರ್ಯ ತಗಳಿ." ಒಂದೊಂದು ಕರೆಗೂ ಮೋಡೆಮ್ಮಿನ ಹಸಿರು ದೀಪ ಆರಿ, ಮತ್ತೆ ಹೊತ್ತಲು ಹೆಣಗುತ್ತಿತ್ತು. ಮೇದಪ್ಪ ಕರೆಯುವ ಹೊತ್ತು ಹತ್ತಿರವಾದಂತೆ ಶಕೀಲನ ತಲೆ ಕೆಟ್ಟಿತು. ಕಟಿಂಗ್ ಪ್ಲೇಯರ್ ತಂದು ಫೋನಿನ ತಂತಿಯನ್ನು ಕಚಕ್ಕನೆ ಕತ್ತರಿಸಿದ.

ಮನೆ ಮಸೀದಿಯಷ್ಟು ಶಾಂತವಾಯಿತು. ಹಸಿರು ದೀಪ ಕದಲದೆ ನಿಂತಿತು. ಶಕೀಲ ಹೊಸ ಅಂಗಿ ತೊಟ್ಟು, ತಾನೇ ಕೆತ್ತಿದ ನವಿಲಿನ ಬಾಗಿಲ ಮುಂದೆ ಕೂತ. ಪರದೆಯಲ್ಲಿ ಅವನ ಮುಖ ಮೂಗಿನ ಬೆವರಿನ ಸಮೇತ ಸ್ಪಷ್ಟವಾಗಿ ಕಾಣುತ್ತಿತ್ತು. ಮೇದಪ್ಪನ ಮುಖ ಮಾತ್ರ ಬರಲೇ ಇಲ್ಲ. ಇಳಿಹೊತ್ತಿನ ಅಸರ್ ನಮಾಜಿನ ಆಜಾನ್ ಆಯಿತು. ಅವನ ಬೆನ್ನು ನವಿಲಿನ ಕೊಕ್ಕಿಗೆ ಒತ್ತಿ ಒತ್ತಿ ನೋಯತೊಡಗಿತು.

ಸಂಜೆ ಒಂದು ವ್ಯಾನು ಬಂದು ನಿಂತಿತು. ಉಮರ ಇಳಿದ, ಹಿಂದೆ ಕೆ.ಆರ್. ನಗರದ ನೆಂಟರೆಲ್ಲ ತಲೆಗೆ ಬಟ್ಟೆ ಕಟ್ಟಿಕೊಂಡು ಇಳಿದರು. ಜಗುಲಿಯ ಮೇಲೆ ನಿಂತ ಶಕೀಲನನ್ನು ಕಂಡು ಒಬ್ಬ ಮುದುಕಿ ಅರ್ಧ ತೆಗೆದಿದ್ದ ಅಳುವನ್ನು ನುಂಗಿಕೊಂಡಳು.

"ಭಾಯ್, ಇದೀರಾ?" ಎಂದ ಉಮರ, ನಿರಾಸೆಯೋ ಸಂತೋಷವೋ ತಿಳಿಯದ ದನಿಯಲ್ಲಿ. "ಬಸ್ಸಲ್ಲಿ ಬಂದವ್ರು ನೀವು ಹೋಗ್ಬಿಟ್ರಿ ಅಂದ್ರು. ಫೋನ್ ಮಾಡಿದ್ರೆ ಸತ್ತಂಗಿದೆ."

"ಇದೀನಿ ಕಣೋ. ಆ ಮೇದಪ್ಪನೋರು ಕರೆ ಮಾಡ್ಲಿಲ್ಲ ಅಷ್ಟೆ."

ಉಮರ ಕಾಲಿನ ಹೆಬ್ಬೆರಳಿನಿಂದ ಮಣ್ಣು ಕೆದಕಿದ. "ಅವ್ರ ಕಡೆ ನೆಟ್ ಹೋಗಿತ್ತಂತೆ. ನಿಮ್ಮ ಲ್ಯಾಂಡ್‌ಲೈನಿಗೆ ಮಾಡೀ ಮಾಡೀ ಸಾಕಾಗಿ ನಮ್ಮ ಅಂಗಡಿಗೆ ಮಾಡಿದ್ರು. ನಾನು ವಿಷಯ ತಿಳಿಸಿದೆ. ಒಳ್ಳೆ ಮನುಷ್ಯ, ಭಾಯ್, ತುಂಬಾ ಬೇಜಾರ್ ಮಾಡ್ಕೊಂಡ್ರು. ಅಕ್ಕನ ಸಂಸಾರ ನೀನೇ ನೋಡ್ಕೋಬೇಕು ಅಂತ ಹೇಳಿ, ಕೆಲಸ ಪೂರ್ತಿ ನನಗೇ ಬರೆದುಕೊಟ್ರು."

ಶಕೀಲ ಜಗುಲಿಯ ಮೇಲೆ ಕೂತ. ಕರೀಮುನ್ನೀಸಾ ನೆಂಟರಿಗೆಲ್ಲ ಚಹಾಕ್ಕೆ ನೀರಿಟ್ಟಳು.

"ನೀವು ಬದುಕಿರೋದು ಒಂದು ಲೆಕ್ಕಕ್ಕೆ ಒಳ್ಳೇದೇ ಆಯ್ತು ಭಾಯ್," ಎಂದು ಉಮರ ಪಕ್ಕದಲ್ಲಿ ಕೂತು ಅವನ ಹೆಗಲ ಮೇಲೆ ಕೈಯಿಟ್ಟ. "ನನಗೆಲ್ಲಿ ಬರ್ತದೆ ಆ ಕೆತ್ತನೆ. ನಾಳೆಯಿಂದ ಅಂಗಡಿಗೆ ಬಂದ್ಬಿಡಿ, ಕೂಲಿ ಕೊಡ್ತೀನಿ. ಮೇದಪ್ಪನೋರು ಬಂದಾಗ ಮಾತ್ರ ಸ್ವಲ್ಪ ಒಳಗಿರಿ."