ತಿಳಿನೀರು ಎಲ್ಲಿಗೆ ಬಂತು?

ಮಾವ ಬೆಳಗಿನ ಕಾಫಿಯನ್ನು ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು.

"ಇದನ್ನ ಸ್ಕೂಟರಿಗೆ ಹಾಕಿ. ಒಳ್ಳೇ ಓಡುತ್ತೆ. ಅಳಿಯಂದಿರು ನೀರಿನ ಪರೀಕ್ಷೆ ಆಫೀಸಲ್ಲಿದ್ದೂ ನಮಗೆ ಈ ಗತಿ."

ಅಳಿಯ ಮಾವನ ಮನೆಯಲ್ಲೇ ಇರುವವನು. ಚೀಲದ ತುಂಬ ಮಾದರಿ ಸೀಸೆ ಹೊತ್ತು ತಿರುಗುವುದರಿಂದ ಬೀದಿಯವರಿಗೆ ಅವನು ಸೀಸೆ. ಮಾವನ ಎದುರು ಅವನ ಮಾತು ಕೆಟ್ಟ ನಲ್ಲಿಯ ನೀರಿನಂತೆ ತೊಟ್ಟು ತೊಟ್ಟಾಗಿ ಬೀಳುತ್ತಿತ್ತು. ಹಿತ್ತಲ ಮೂಲೆಯಲ್ಲಿ ಯಾವ ಗುಲಾಬಿಯೂ ಬದುಕದೆ ಇದ್ದುದಕ್ಕೂ ಅವನೇ ಕಾರಣ, ನೀರು ಹಾಕುವವನು ಅವನು ತಾನೆ.

ಅಷ್ಟರಲ್ಲಿ ಬೀದಿಯೇ ಬಾವಿಕಟ್ಟೆಗೆ ಬಂದಿತ್ತು. ಎಲ್ಲರ ಕೊಡದಲ್ಲೂ ಪೆಟ್ರೋಲ್ ವಾಸನೆ. ಬೀದಿಯ ಕೆಳತುದಿಯಲ್ಲಿ ಪೆಟ್ರೋಲ್ ಬಂಕು, ನೆಲದೊಳಗೆ ಅದರ ಟ್ಯಾಂಕು.

"ಟ್ಯಾಂಕು ತೂತಾಗಿದೆ. ಬಂಕು ಮುಚ್ಚಿಸಿ," ಎಂದ ದರ್ಜಿ.

"ಪರೀಕ್ಷೆ ಮಾಡಿ. ತಪ್ಪು ನನ್ನದಾದ್ರೆ ನಾನೇ ಬೀಗ ಹಾಕ್ತೀನಿ," ಎಂದ ಬಂಕಿನ ಮಾಲೀಕ.

ಮಾವ ಕಟ್ಟೆ ಹತ್ತಿದರು. "ಯಾರ ನೆಲದಿಂದ ಬಂದಿದೆಯೋ ಆ ಮನೆಯವರು, ಬಾವಿ ತಿಳಿಯಾಗೋ ತನಕ ದೊಡ್ಡ ರಸ್ತೆ ನಲ್ಲಿಯಿಂದ ಬೀದಿಗೆಲ್ಲ ನೀರು ಹೊರಬೇಕು. ನಮ್ಮ ಅಳಿಯಂದಿರು ಹೇಳಿದ್ದೇ ಕೊನೇ ಮಾತು."

ಎಲ್ಲರೂ ಒಪ್ಪಿದರು.

ಸೀಸೆ ಮೂರು ಕಡೆ ನೀರು ತೆಗೆದ: ಬಂಕಿನ ಕೊಳವೆಬಾವಿ, ನಡುವಿನ ಬೀದಿ ಬಾವಿ, ಮೇಲ್ತುದಿಯ ಹಳೇ ಕೊಳವೆಬಾವಿ. ಮೂರೂ ವಾಸನೆ ಹೊಡೆದವು. ಹೋಲಿಸಲೆಂದು ದೊಡ್ಡ ರಸ್ತೆ ನಲ್ಲಿಯ ನೀರು ತುಂಬಿದರೆ ಅದೂ ಹೊಡೆಯಿತು. ಕೊನೆಗೆ ತಿಳಿಯಿತು, ಅತ್ತೆ ಪ್ರೀತಿಯಿಂದ ಅಷ್ಟೂ ಸೀಸೆಗಳನ್ನು ಬೀದಿ ಬಾವಿಯ ನೀರಲ್ಲೇ ತೊಳೆದಿಟ್ಟಿದ್ದರು. ಆಫೀಸಿಗೆ ಓಡಿ ಹೊಸ ಸೀಸೆ ತಂದ. ಆಗ ಬೀದಿ ಬಾವಿಯದು ಮಾತ್ರ ನಾರಿತು.

ನೆಲದಡಿ ನೀರು ಯಾವ ಕಡೆ ಹರಿಯುತ್ತದೆಂದು ತಿಳಿಯಲು ಇನ್ನು ಮೂರೂ ಕಡೆ ನೀರಿನ ಮಟ್ಟ ಅಳೆಯಬೇಕು. ಬಾವಿಗೆ ಟೇಪು ಇಳಿಬಿಟ್ಟ. ಕತ್ತಲೊಳಗಿಂದ ಪುಳಕ್ ಎಂದು ಸಣ್ಣ ಸದ್ದು. ಎಷ್ಟು ಸಲ ಕೇಳಿದ್ದರೂ ಅವನ ಮೈ ಜುಮ್ಮೆಂದಿತು.

"ಕೆಳಗೆ ನದಿ ಇದೆಯೇನೋ ಸೀಸೆ?" ದರ್ಜಿಯ ದನಿ ತಾನಾಗಿ ತಗ್ಗಿತ್ತು.

"ನದಿ ಅಲ್ಲಣ್ಣ. ಮರಳಿನ ಸಂದಿಯಲ್ಲಿ ನುಸುಳಿಕೊಂಡು ಹೋಗುತ್ತೆ. ಇಲ್ಲಿ ದಿನಕ್ಕೆ ಒಂದು ಗೇಣು ನಡೆದರೆ ಹೆಚ್ಚು. ನೀವು ಚಿಕ್ಕವರಿದ್ದಾಗ ನೆನೆದ ಮಳೆ ಇನ್ನೂ ದಾರಿಯಲ್ಲೇ ಇರಬಹುದು."

ದರ್ಜಿ ತನ್ನ ಕಾಲ ಕೆಳಗಿನ ನೆಲವನ್ನು ನೋಡಿದ. ಮೆಲ್ಲಗೆ ಚಪ್ಪಲಿ ಬಿಟ್ಟು ಪಕ್ಕಕ್ಕೆ ನಿಂತ. ಅವನನ್ನು ನೋಡಿ ಉಳಿದವರೂ ಬಿಟ್ಟರು.

ಸಂಜೆಗೆ ಲೆಕ್ಕ ಮುಗಿಯಿತು. ತಪ್ಪಿರಲಿ ಎಂದು ಬೇಡಿಕೊಳ್ಳುತ್ತ ಸೀಸೆ ಮತ್ತೆ ಮತ್ತೆ ಅಳೆದ. ತಪ್ಪಿರಲಿಲ್ಲ. ಸುಳ್ಳು ಹೇಳಿದರೆ ಬಂಕಿಗೆ ಬೀಗ, ನಿಜ ಹೇಳಿದರೆ...

"ನೀರು ಬಂಕಿನಿಂದ ಬಾವಿಗೆ ಬರ್ತಿಲ್ಲ," ಎಂದ. "ಮೇಲಿಂದ ಬಾವಿಗೆ, ಬಾವಿಯಿಂದ ಬಂಕಿಗೆ ಹೋಗ್ತಿದೆ. ಮೇಲಿನ ಕೊಳವೆಬಾವಿ ಶುದ್ಧವಾಗಿದೆ. ಅದಕ್ಕೂ ಬಾವಿಗೂ ನಡುವೆ ಇರೋದು ಒಂದೇ ಮನೆ."

ಎಲ್ಲರೂ ಆ ಮನೆಯತ್ತ ತಿರುಗಿದರು. ಅದರ ಗೇಟಿಗೆ ಬಣ್ಣ ಬಳಿದವನು ಸೀಸೆಯೇ.

ಮಾವ ಬಹಳ ಹೊತ್ತು ಕೆಮ್ಮಿದರು. "ನಿಮ್ಮ ಮದುವೆ ವರ್ಷ, ಇನ್ನು ಪೆಟ್ರೋಲೇ ಸಿಗಲ್ಲ ಅಂತ ಸುದ್ದಿ ಹಬ್ಬಿತ್ತಲ್ಲ ಅಳಿಯಂದ್ರೇ? ನಿಮ್ಮ ಸ್ಕೂಟರಿಗೆ ಅಂತಲೇ ಒಂದು ಡ್ರಮ್ಮು ತುಂಬಿಸಿ ಗುಲಾಬಿ ಮೂಲೇಲಿ ಹೂತಿಟ್ಟಿದ್ದೆ. ಮರೆತೇ ಹೋಯ್ತು."

"ಅಂದ್ರೆ ನಿಮ್ಮ ಪೆಟ್ರೋಲು ನನ್ನ ಬಂಕಿಗೆ ಬರ್ತಿದೆ ಅನ್ನಿ," ಎಂದ ಮಾಲೀಕ, ನಗದೆ.

"ಕೊಟ್ಟ ಮಾತು ಕೊಟ್ಟದ್ದೇ. ನೀರು ನಮ್ಮ ಮನೆಯವರೇ ಹೊರ್ತಾರೆ," ಎಂದು ಮಾವ ಗಂಭೀರವಾಗಿ ಕೂತು, ಎರಡೂ ಮಂಡಿ ಹಿಡಿದುಕೊಂಡರು.

ಕತ್ತಲಾಗುವ ಮುಂಚೆ ಡ್ರಮ್ಮು ಮೇಲೆ ಬಂತು, ಜರಡಿಯಂತಾಗಿ. ಸೀಸೆ ಮೊದಲ ಜೋಡಿ ಕೊಡ ಹೊತ್ತು ಬಂದಾಗ ದರ್ಜಿ ಬಾವಿಕಟ್ಟೆಯ ಬಳಿ ಬರಿಗಾಲಲ್ಲಿ ನಿಂತು ನೆಲವನ್ನೇ ನೋಡುತ್ತಿದ್ದ.

"ತಿಳಿನೀರು ಈಗ ಎಲ್ಲಿಗೆ ಬಂದಿರಬಹುದೋ ಸೀಸೆ?"

ಸೀಸೆ ಕೊಡ ಇಳಿಸಿ, ಸುಧಾರಿಸಿಕೊಂಡು, ಮನೆಯತ್ತ ನೋಡಿದ.

"ಇನ್ನೂ ಗುಲಾಬಿ ಮೂಲೆ ಬಿಟ್ಟಿಲ್ಲ ಅಣ್ಣ."