ನಾಲ್ಕು ನಾಜಲ್, ಹನ್ನೆರಡು ಗೀಟು

ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದಲ್ಲ. ಇಪ್ಪತ್ತೆರಡು ವರ್ಷ ಮಕ್ಕಳಿಗೆ ವಿಜ್ಞಾನ ಕಲಿಸಿದವಳಿಗೆ ಒಂದು ಡೀಸೆಲ್ ಕಾರಿನ ಕಾಯಿಲೆ ಕಂಡುಹಿಡಿಯುವುದು ದೊಡ್ಡ ಮಾತೇನಲ್ಲ. ನಾನು ಕಂಡುಹಿಡಿದೆ ಕೂಡ. ಆಮೇಲೆ ನಡೆದದ್ದಕ್ಕೆ ನಾನು ಹೊಣೆಯಲ್ಲ ಎಂದು ಇವತ್ತಿಗೂ ವಾದಿಸುತ್ತೇನೆ. ಕೇಳುವವರು ಮನೆಯಲ್ಲಿ ಯಾರೂ ಇಲ್ಲ, ಆ ಮಾತು ಬೇರೆ.

ನಮ್ಮ ಮನೆ ದೇವದುರ್ಗದಲ್ಲಿ, ನನ್ನ ಶಾಲೆ ಮಾನ್ವಿಯಲ್ಲಿ. ಹದಿನೈದು ವರ್ಷ ಆ ದಾರಿಯನ್ನು ಬಸ್ಸಿನಲ್ಲೇ ಸವೆಸಿದೆ. ಸಿರವಾರದಲ್ಲಿ ಬಸ್ಸು ಬದಲಿಸಬೇಕು. ಅಲ್ಲಿ ಭತ್ತದ ಚೀಲಕ್ಕೆ ಜಾಗ, ಹಾಲಿನ ಕ್ಯಾನಿಗೆ ಜಾಗ, ಕಟ್ಟಿದ ಕೋಳಿಗೂ ಜಾಗ. ಉಳಿದರೆ ಅಕ್ಕೋರಿಗೆ, ಅಂದರೆ ಟೀಚರಮ್ಮನಾದ ನನಗೆ. ನಲವತ್ತಕ್ಕೆ ಕಾಲಿಟ್ಟಾಗ ಹಟ ಹಿಡಿದು ಡ್ರೈವಿಂಗ್ ಕಲಿತು, ನನ್ನ ಸಂಬಳದಲ್ಲಿ ಈ ಕಾರು ಕೊಂಡೆ. ಕೊಳ್ಳುವಾಗಲೇ ಹಳೆಯದು. ಇರಲಿ. ಬಾಗಿಲು ಹಾಕಿಕೊಂಡು ಸ್ಟೇರಿಂಗ್ ಹಿಡಿದರೆ, ಯಾರನ್ನೂ ಕೇಳದೆ ಎಲ್ಲಿಗೆ ಬೇಕಾದರೂ ಹೋಗಬಹುದು ಅನ್ನುವ ಸುಖ ಇದೆಯಲ್ಲ, ಅದನ್ನು ನಾನು ಯಾರಿಗೂ ಬಿಟ್ಟುಕೊಡುವವಳಲ್ಲ.

ಶ್ರಾವಣ ಹಿಡಿಯುವ ಹೊತ್ತಿಗೆ ಕಾರು ನಡುಗತೊಡಗಿತು. ಹಿಂದೆ ಕಪ್ಪು ಹೊಗೆ. ಒಂದು ದಿನ ಶಾಲೆಯಲ್ಲಿ ರಿವರ್ಸ್ ತೆಗೆದಾಗ ಹೆಡ್‌ಮಾಸ್ತರರ ಬಿಳಿ ಅಂಗಿ ಬೂದುಬಣ್ಣಕ್ಕೆ ತಿರುಗಿತು. ಮರುದಿನದಿಂದ ಅವರು ನನ್ನ ಕಾರು ಬರುವ ಹೊತ್ತಿಗೆ ಕೋಣೆಯ ಕಿಟಕಿ ಹಾಕಿಸತೊಡಗಿದರು. ನಾನು ದೇವದುರ್ಗದ ಖಾಸಿಂ ಮಿಸ್ತ್ರಿಯ ಗ್ಯಾರೇಜಿಗೆ ಹೋದೆ. ಅವರು ಬಾನೆಟ್ ಎತ್ತಲಿಲ್ಲ, ಬರೀ ಕಿವಿಗೊಟ್ಟು ಕೇಳಿದರು.

"ನಾಜಲ್ ಹೋಗ್ಯಾವ್ರಿ ಅಕ್ಕೋರ."

ನಾಜಲ್ ಅಂದರೆ ಇಂಜೆಕ್ಟರ್. ಎಂಜಿನ್ನಿನೊಳಗೆ ಡೀಸೆಲ್ಲನ್ನು ಮಂಜಿನ ಹಾಗೆ ಸಿಂಪಡಿಸುವ ಕಬ್ಬಿಣದ ತುಂಡು. ಒಟ್ಟು ನಾಲ್ಕು ಇರುತ್ತವೆ.

"ನಾಕೂ ತಗಸಬೇಕು. ಇಲ್ಲಾಂದ್ರ ಸುಮ್ನ ಮಾರಿಬಿಡ್ರಿ. ಗಾಡಿಗೂ ವಯಸ್ಸಾಗ್ಯದ."

'ಗಾಡಿಗೂ' ಅನ್ನುವಾಗ ಅವರು ನನ್ನ ಕಡೆ ನೋಡಿದ್ದು ನನಗೆ ಸರಿಬರಲಿಲ್ಲ. ಕೀಲಿ ತೆಗೆದುಕೊಂಡು ಬಂದುಬಿಟ್ಟೆ.

ಮನೆಯಲ್ಲಿ ಯಜಮಾನರಿಗೆ ಇದೇ ಬೇಕಾಗಿತ್ತು. "ಸಿರವಾರದಾಗ ಒಬ್ಬಾಂವ ಗಾಡಿ ಕೇಳಾಕತ್ತಾನ, ಗಿರಿಜಾ. ಹಿಂದಿನ ಸೀಟು ತಗದು ಕೋಳಿ ಪಂಜರ ಇಡ್ತಾನಂತ."

"ನನ್ನ ಕಾರಿನ್ಯಾಗ ಕೋಳಿ?"

"ಕೋಳಿ ಹೊಗಿ ಬಗ್ಗಿ ತಕರಾರು ಮಾಡೂದಿಲ್ಲ."

ನನ್ನ ರಕ್ತ ಕುದಿಯಿತು. ಬಸ್ಸಿನಲ್ಲಿ ಜಾಗ ಕಸಿದ ಕೋಳಿ ಈಗ ಕಾರಿಗೂ ಬಂತೆ? "ಕೇಳ್ರಿ ಇಲ್ಲಿ," ಅಂದೆ. "ಸೋಮವಾರ ರಜಾ ಹಾಕಿ ಅತ್ತಿನ್ನ ಇದೇ ಗಾಡ್ಯಾಗ ಗೂಗಲ್‌ಗೆ ಕರಕೊಂಡು ಹೋಗಿ ಬರ್ತೀನಿ. ಹೋಗಿ ಬಂದ್ರ, ಮಾರೂ ಮಾತು ಈ ಮನ್ಯಾಗ ಮತ್ತ ಏಳಬಾರದು."

"ಬರಲಿಲ್ಲಂದ್ರ?"

"ಕೋಳಿಗಿ ಕೊಡ್ರಿ."

ಒಳಗೆ ಜಪಮಾಲೆ ಹಿಡಿದು ಕೂತಿದ್ದ ಅತ್ತೆಯ ಕಿವಿಗೆ 'ಗೂಗಲ್' ಅನ್ನುವುದೊಂದೇ ಬಿತ್ತು ಎಂದು ನಾನು ತಿಳಿದೆ. ಕೃಷ್ಣೆಯ ದಂಡೆಯ ಆ ಊರಿನ ಅಲ್ಲಮಪ್ರಭುವಿನ ಗುಡಿಗೆ ಹೋಗಬೇಕು ಎಂದು ಅವರು ಎಷ್ಟೋ ವರ್ಷದಿಂದ ಹಂಬಲಿಸುತ್ತಿದ್ದರು. ಅರ್ಧ ಗಂಟೆಯಲ್ಲಿ ಇಡೀ ಓಣಿಗೆ ಸುದ್ದಿ ಮುಟ್ಟಿತು. ಇನ್ನು ಹಿಂದೆ ಸರಿಯುವ ದಾರಿಯೇ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಸೀರೆಯ ಸೆರಗು ಸಿಕ್ಕಿಸಿ, ನಟ್ಟು ಬಿಚ್ಚುವ ಪಾನಾ ಹಿಡಿದು ಅಂಗಳಕ್ಕಿಳಿದೆ. ನನ್ನ ವಿಧಾನ ಸಂಪೂರ್ಣ ವೈಜ್ಞಾನಿಕವಾಗಿತ್ತು. ಎಂಜಿನ್ ನಡೆಯುತ್ತಿರುವಾಗ ಒಂದೊಂದೇ ನಾಜಲ್ಲಿನ ಪೈಪಿನ ನಟ್ಟು ಸಡಿಲಿಸಬೇಕು. ಎಂಜಿನ್ನಿನ ದನಿ ಕುಗ್ಗಿದರೆ ಆ ನಾಜಲ್ ದುಡಿಯುತ್ತಿತ್ತು ಎಂದರ್ಥ. ದನಿ ಬದಲಾಗದಿದ್ದರೆ ಅದು ಕೆಲಸಗಳ್ಳ. ಮೊದಲನೆಯದು ಸಡಿಲಿಸಿದೆ, ಎಂಜಿನ್ ಬಿಕ್ಕಿತು. ಎರಡನೆಯದು ಸಡಿಲಿಸಿದೆ, ಬಿಕ್ಕಿತು. ಅಷ್ಟರಲ್ಲಿ ಯಜಮಾನರು ಸಲಹೆ ಕೊಡಲು ಬಗ್ಗಿದರು. ಡೀಸೆಲ್ ಚಿಮ್ಮಿ ಅವರ ಬನಿಯನ್ನನ್ನು ಆವರಿಸಿತು. ಪ್ರಯೋಗ ನಡೆಯುವಾಗ ಅಂತರ ಕಾಯ್ದುಕೊಳ್ಳಬೇಕೆಂಬುದು ಎಂಟನೇ ತರಗತಿಯ ಮಕ್ಕಳಿಗೂ ಗೊತ್ತು. ಮೂರನೆಯದು ಸಡಿಲಿಸಿದೆ. ಎಂಜಿನ್ನಿಗೆ ಏನೂ ಅನ್ನಿಸಲಿಲ್ಲ. ಸಿಕ್ಕಿಬಿದ್ದ! ನಾಲ್ಕನೆಯದು ನಿಯತ್ತಿನವನೆಂದು ತಿಳಿಯಿತು.

"ಮಿಸ್ತ್ರಿ ನಾಕೂ ಹೋಗ್ಯಾವಂದ," ಎಂದು ನಾನು ಓಣಿಗೆಲ್ಲ ಕೇಳುವಂತೆ ಹೇಳಿದೆ. "ಹೋಗಿದ್ದು ಒಂದೇ. ಪುರಾವೆ ಅದ."

ಬುದ್ಧಿವಂತರಾದವರು ಆಗ ಆ ಒಂದನ್ನೇ ಬಿಚ್ಚುತ್ತಿದ್ದರು. ನಾನು ನಾಲ್ಕನ್ನೂ ಬಿಚ್ಚಿದೆ. ಬಿಚ್ಚುವುದು ಹೇಗೂ ಬಿಚ್ಚುತ್ತೇವೆ, ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ತೊಳೆದುಬಿಡೋಣ ಅನ್ನುವುದು ಲೆಕ್ಕಾಚಾರ. ತೊಳೆದೆ, ಒರೆಸಿದೆ. ಯಾವುದು ಯಾವುದೆಂದು ಗುರುತು ಹಾಕಬೇಕಲ್ಲ? ಪೆನ್ನು ಹತ್ತಲಿಲ್ಲ. ಸೀಮೆಸುಣ್ಣ ನಿಲ್ಲಲಿಲ್ಲ. ದೇವರ ಜಗಲಿಯ ಮೇಲೆ ಅತ್ತೆಯ ವಿಭೂತಿ ಗಟ್ಟಿ ಕಂಡಿತು. ನೀರಿನಲ್ಲಿ ತೇಯ್ದು ಬೆರಳಿನಿಂದ ಎಳೆದರೆ ಕರಿಯ ಕಬ್ಬಿಣದ ಮೇಲೆ ಬೆಳ್ಳಗೆ ಎದ್ದು ಕಾಣುತ್ತದೆ! ಮೊದಲನೆಯದಕ್ಕೆ ಒಂದು ಗೀಟು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಮೂರು, ನಾಲ್ಕನೆಯದಕ್ಕೆ ನಾಲ್ಕು. ಇಷ್ಟು ಸರಳ ಉಪಾಯ ಇವತ್ತಿನವರೆಗೆ ಯಾವ ಮಿಸ್ತ್ರಿಗೂ ಹೊಳೆದಿಲ್ಲವಲ್ಲ ಎಂದು ಮರುಗಿದೆ. ಕಟ್ಟೆಯ ಮೇಲೆ ಬಿಳಿ ಅರಿವೆ ಹಾಸಿ, ನಾಲ್ಕನ್ನೂ ಒಣಗಲು ಮಲಗಿಸಿ, ಮೊಬೈಲಿನಲ್ಲಿ ಒಂದು ಫೋಟೊ ಹೊಡೆದುಕೊಂಡು, ಹೊಸ ನಾಜಲ್ ತರಲು ರಾಯಚೂರಿನ ಬಸ್ಸು ಹತ್ತಿದೆ.

"ನಾಕೂ ತಗೋರಿ ಮೇಡಂ," ಎಂದ ರಾಯಚೂರಿನ ಅಂಗಡಿಯವನು.

"ಒಂದೇ ಸಾಕು. ನನಗ ಗೊತ್ತದ," ಎಂದೆ. ಆ ಮಾತು ಹೇಳುವಾಗ ನನಗಾದ ಆನಂದ ಹೇಳತೀರದು.

ಸಂಜೆ ಮನೆಗೆ ಬಂದು ನೋಡುತ್ತೇನೆ, ನಾಲ್ಕು ನಾಜಲ್ಲುಗಳೂ ಕಟ್ಟೆಯ ಮೇಲೆ ಸಾಲಾಗಿ ಎದ್ದು ನಿಂತಿವೆ. ನಾಲ್ಕಕ್ಕೂ ಅಚ್ಚುಕಟ್ಟಾಗಿ ಮೂರು ಮೂರು ಗೀಟು ವಿಭೂತಿ. ನಾಲ್ಕರ ತಲೆಯ ಮೇಲೂ ಕಣಗಿಲೆ ಹೂವು. ಮುಂದೆ ಊದಿನಕಡ್ಡಿ.

"ಅತ್ತಿ, ಯಾರು ಮಾಡಿದ್ರು ಇದನ್ನ?"

"ನಾನಾ ಮಾಡೀನವ್ವಾ," ಎಂದರು ಅತ್ತೆ, ಸಂಭ್ರಮದಿಂದ. "ನೀ ವಿಭೂತಿ ಹಚ್ಚಿದ್ದು ನೋಡಿ ಹೊಟ್ಟಿ ತಂಪಾತು. ಆದ್ರ ಒಬ್ಬಂಗ ಒಂದು ಗೀಟು, ಒಬ್ಬಂಗ ನಾಕು, ಹಂಗ ಹಚ್ಚತಾರೇನು? ದೇವರ ಮುಂದ ಎಲ್ಲಾರೂ ಒಂದಾ. ಎಲ್ಲಾ ತೊಳದು ಸರಿ ಮಾಡೀನಿ. ತುದಿಗೂ ಒಂದೀಟು ಬಳದೀನಿ, ನಾಳಿ ದೂರ ಹೋಗೂದದ."

ತುದಿ ಅಂದರೆ ಡೀಸೆಲ್ ಸಿಂಪಡಿಸುವ, ಸೂಜಿಗಿಂತ ಸಣ್ಣ ತೂತು ಇರುವ ಜಾಗ. ಅಲ್ಲಿಗೆ ವಿಭೂತಿ. ನಾನು ಮೊಬೈಲ್ ತೆಗೆದು ಫೋಟೊ ನೋಡಿದೆ. ಗೀಟು ಸ್ಪಷ್ಟವಾಗಿದ್ದವು. ಗೀಟು ಬಿಟ್ಟರೆ ನಾಲ್ವರೂ ಒಂದೇ ತಾಯಿಯ ಮಕ್ಕಳು.

ಯಜಮಾನರು ಬನಿಯನ್ ಬದಲಿಸಿಕೊಂಡು ಬಂದಿದ್ದರು. ಪರಿಸ್ಥಿತಿ ಅರ್ಥಮಾಡಿಕೊಂಡು, ನಗು ನುಂಗಿ, "ನಾಕೂ ಹಳೇವ ಮತ್ತ ಜೋಡಿಸು. ಮುಂಜಾನಿ ಮಾಡಿದ ಟೆಸ್ಟ್ ಇನ್ನೊಮ್ಮಿ ಮಾಡು. ಕಳ್ಳ ಸಿಗ್ತಾನ," ಎಂದರು.

ಮಾತು ನೂರಕ್ಕೆ ನೂರು ಸರಿ. ಆದರೆ ಹೇಳಿದವರು ಅವರು! ನಾನು ಹೇಗೆ ಕೇಳಲಿ? "ಬೇಕಾಗಿಲ್ಲ. ನನಗ ಗುರುತು ಅದ," ಎಂದುಬಿಟ್ಟೆ. ಹಲ್ಲುಜ್ಜುವ ಬ್ರಷ್ಷಿನಿಂದ ವಿಭೂತಿ ತಿಕ್ಕಿದೆ. ನಾಲ್ಕನ್ನೂ ಒಂದೊಂದಾಗಿ ಎತ್ತಿ ತೂಗಿದೆ, ಕಿವಿಯ ಹತ್ತಿರ ಅಲ್ಲಾಡಿಸಿದೆ, ದೂರವಿಟ್ಟು ದಿಟ್ಟಿಸಿದೆ. ಕೊನೆಗೆ, ಯಾವುದರ ಮುಖದಲ್ಲಿ ಅಪರಾಧಿ ಭಾವ ಹೆಚ್ಚಿತ್ತೋ ಅದನ್ನು ಹೊರಗಿಟ್ಟು, ಅದರ ಜಾಗಕ್ಕೆ ಹೊಸದನ್ನು ಹಾಕಿದೆ. ಇಪ್ಪತ್ತೆರಡು ವರ್ಷದ ವಿಜ್ಞಾನ ಅಲ್ಲಿಗೆ ಮುಗಿಯಿತು. ಹೊರಗಿಟ್ಟದ್ದನ್ನು ಅತ್ತೆ ಎತ್ತಿಕೊಂಡು ಹೋಗಿ ದೇವರ ಜಗಲಿಯ ಮೇಲೆ ಕೂರಿಸಿದರು.

ಸೋಮವಾರ ಬೆಳಿಗ್ಗೆ ಕಾರು ಶುರುವಾಯಿತು. ನನಗೇ ಆಶ್ಚರ್ಯ. ಹೊಗೆ ಮಾತ್ರ ಮೊದಲಿಗಿಂತ ಜೋರು, ನಡುಕವೂ ಜೋರು. ಮಡಿಲಲ್ಲಿ ಹಣ್ಣುಕಾಯಿ ಬುಟ್ಟಿ ಇಟ್ಟುಕೊಂಡು ಅತ್ತೆ ಮುಂದಿನ ಸೀಟಿನಲ್ಲಿ ಕೂತರು. ಯಜಮಾನರು ಸಾಕ್ಷಿಯಾಗಿ ಬೈಕಿನಲ್ಲಿ ಹಿಂದೆ ಹೊರಟರು. ಸ್ವಲ್ಪ ಹೊತ್ತಿಗೆ ಹೊಗೆಯಲ್ಲಿ ಅವರು ಕಾಣಿಸಲೇ ಇಲ್ಲ, ಕೆಮ್ಮು ಮಾತ್ರ ಕೇಳುತ್ತಿತ್ತು. ಬುಟ್ಟಿಯಲ್ಲಿದ್ದ ತೆಂಗಿನಕಾಯಿ ಕುಣಿಯುತ್ತಿತ್ತು. ದಾರಿಯಲ್ಲಿ ಒಂದು ಎತ್ತಿನ ಬಂಡಿ ನಮ್ಮನ್ನು ದಾಟಿ ಮುಂದೆ ಹೋಯಿತು.

"ನಡಗಾಕತ್ತದೇನ್ರಿ ಅತ್ತಿ?" ಎಂದೆ.

"ತೊಟ್ಟಲದಾಗ ಕುಂತಂಗ ಆಗ್ಯದವ್ವಾ," ಎಂದರು. ಅವರ ಮುಖ ಅರಳಿತ್ತು. ಹೊಲ, ಹಳ್ಳ, ದೂರದ ಗುಡ್ಡ ಎಲ್ಲವನ್ನೂ ಕಿಟಕಿಯಿಂದ ಕೈಮಾಡಿ ತೋರಿಸುತ್ತಿದ್ದರು. ಈ ಗಾಡಿ ಹೋದರೆ ಇವರನ್ನು ಮತ್ತೆ ಯಾವುದರಲ್ಲಿ ಕರೆತರಲಿ?

ಗೂಗಲ್ ಮುಟ್ಟಿದೆವು. ಕೃಷ್ಣೆಯ ನೀರು ಕಾಲಿಗೆ ತಾಗಿಸಿಕೊಂಡು, ಗುಡಿಯಲ್ಲಿ ಕಾಯಿ ಒಡೆಸಿ, ಅತ್ತೆ ಅಲ್ಲಮಪ್ರಭುವಿನ ಮುಂದೆ ಬಹಳ ಹೊತ್ತು ಕಣ್ಣು ಮುಚ್ಚಿ ಕೂತರು. ನಾನೂ ಕೈ ಮುಗಿದೆ. ಏನು ಬೇಡಿಕೊಂಡೆ ಎಂದು ಹೇಳುವುದಿಲ್ಲ. ಈಡೇರಲಿಲ್ಲ. ಹೊರಗೆ ಬಂದು ಕೀಲಿ ತಿರುವಿದರೆ ಕಾರು ಒಮ್ಮೆ ಸೀನಿ ಸುಮ್ಮನಾಯಿತು. ನಾಲ್ಕು ಜನ ನೂಕಿದರು. ಎಂಟು ಜನ ನೂಕಿದರು. ಕೊನೆಗೆ ದೇವದುರ್ಗದ ಕಡೆ ಹೊರಟಿದ್ದ ಒಂದು ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿದರು.

"ಇಳೀರಿ ಅಕ್ಕೋರ, ಟ್ರ್ಯಾಕ್ಟರ್‌ನ್ಯಾಗ ಕುಂದರ್ರಿ," ಎಂದ ಟ್ರ್ಯಾಕ್ಟರಿನವನು.

"ಯಾಕ? ಸ್ಟೇರಿಂಗ್ ಯಾರು ಹಿಡಿಬೇಕು?" ಎಂದು ನಾನು ಇಳಿಯಲಿಲ್ಲ. ಅತ್ತೆಯೂ ಇಳಿಯಲಿಲ್ಲ. ಹಾಗೆ ನಾವಿಬ್ಬರೂ ಗಾಜು ಇಳಿಸಿ, ತಲೆ ಎತ್ತಿ, ಹಗ್ಗದ ಹಿಂದೆ ದೇವದುರ್ಗದ ಬಸ್‌ಸ್ಟ್ಯಾಂಡಿನ ಮುಂದೆಯೇ ಹಾದು ಬಂದೆವು. ನಾನು ತಿರುವಿನಲ್ಲಿ ಇಂಡಿಕೇಟರ್ ಕೂಡ ಹಾಕಿದೆ.

ಮನೆ ಮುಂದೆ ಹಗ್ಗ ಬಿಚ್ಚಿದ ಕೂಡಲೇ ಯಜಮಾನರು ಜೇಬಿನಿಂದ ಫೋನ್ ತೆಗೆದರು. "ಆತಲ್ಲ? ಸಿರವಾರದಾಂವಗ ಹೇಳ್ತೀನಿ."

ಕೀಲಿ ಬಿಗಿಯಾಗಿ ಹಿಡಿದುಕೊಂಡು ನಿಂತೆ. ನಾಳೆಯಿಂದ ಮತ್ತೆ ಸಿರವಾರದ ಬಸ್ಸು.

"ತಡಿಯೋ," ಎಂದರು ಅತ್ತೆ, ಪ್ರಸಾದದ ಬುಟ್ಟಿ ಹಿಡಿದು ಇಳಿಯುತ್ತ. "ಮಾತು ಏನಾಗಿತ್ತು? ಹೋಗಿ ಬಂದ್ರ ಮಾರೂದಿಲ್ಲ ಅಂತ. ಹೋಗೀವಿ. ಬಂದೀವಿ. ಹಗ್ಗದ ಮಾತು ಆವತ್ತ ಯಾರರ ಎತ್ತಿದ್ರೇನು?"

"ಯವ್ವಾ, ಅದು ಹಂಗಲ್ಲ..."

"ನಿನ್ನ ಬೈಕು ಚಂದಾಗೇ ಓಡ್ತದ. ಇಪ್ಪತ್ತು ವರ್ಷದಾಗ ನನ್ನ ಒಂದರ ಸಲ ಗೂಗಲ್‌ಗೆ ಕರಕೊಂಡು ಹೋಗೀಯೇನು? ಆಕಿ ಗಾಡಿ ಕೆಟ್ಟಿದ್ರೂ ಕರಕೊಂಡು ಹೋಗ್ಯಾಳ."

ಫೋನ್ ಜೇಬಿಗೆ ಹೋಯಿತು. ನಾನು ಅತ್ತೆಯ ಕಾಲಿಗೆ ಬಿದ್ದೆ. ಹಬ್ಬಕ್ಕೂ ಅಷ್ಟು ಮನಸ್ಸಿಟ್ಟು ಬಿದ್ದಿರಲಿಲ್ಲ.

ಒಂದು ವಾರ ಬಸ್ಸಿನಲ್ಲಿ ಓಡಾಡಿದೆ. ಮುಂದಿನ ಭಾನುವಾರ ಖಾಸಿಂ ಮಿಸ್ತ್ರಿ ಮನೆಗೇ ಬಂದು ನಾಲ್ಕನ್ನೂ ಬಿಚ್ಚಿ, ನಾಜಲ್ ಪರೀಕ್ಷಿಸುವ ಕೈಪಂಪಿಗೆ ಹಚ್ಚಿ ನೋಡಿದರು. ನಾನು ಹಾಕಿದ ಹೊಸದು ಚೆನ್ನಾಗಿತ್ತು. ಎರಡರ ತೂತು ಕಟ್ಟಿತ್ತು. ಇನ್ನೊಂದು, ಅಂದರೆ ಆ ಅಸಲಿ ಕೆಲಸಗಳ್ಳ, ಮಂಜಿನ ಬದಲು ಹನಿಹನಿಯಾಗಿ ಸೋರುತ್ತ ಆರಾಮಾಗಿ ಎಂಜಿನ್ನಿನೊಳಗೇ ಕೂತಿದ್ದ.

"ಇದರಾಗ ಬೂದಿ ಎಲ್ಲಿಂದ ಬಂತ್ರಿ ಅಕ್ಕೋರ?"

"ಧೂಳು," ಎಂದೆ.

"ನೀವು ತಗದದ್ದು ಎಲ್ಲದ?"

ಅದು ಜಗಲಿಯ ಮೇಲಿತ್ತು. ತಂದು ಪಂಪಿಗೆ ಹಚ್ಚಿದರೆ ಮಂಜು ಮುಸುಕಿದಂತೆ ಸಿಂಪಡಿಸಿತು. ನಾಲ್ವರಲ್ಲಿ ಅತ್ಯಂತ ಪ್ರಾಮಾಣಿಕನನ್ನೇ ನಾನು ಮನೆಯಿಂದ ಹೊರಹಾಕಿದ್ದೆ. ಅದನ್ನು ಮರಳಿ ಜೋಡಿಸಲು ಅತ್ತೆ ಒಪ್ಪುತ್ತಾರೋ ಇಲ್ಲವೋ ಎಂದು ಹೆದರಿದ್ದೆ. "ಎಂಟು ದಿನ ಪೂಜಿ ಮಾಡಿಸಿಕೊಂಡಾನ, ಇನ್ನ ದುಡೀಲಿ," ಎಂದು ಧಾರಾಳವಾಗಿ ಕೊಟ್ಟರು. ಮಿಸ್ತ್ರಿ ಕೆಲಸಗಳ್ಳನನ್ನು ತೆಗೆದುಹಾಕಿ, ಕಟ್ಟಿದ ತೂತು ಬಿಡಿಸಿ, ಉಳಿದವನ್ನು ಕೂರಿಸಿದ ಮೇಲೆ ಕಾರು ತುಟಿಪಿಟಕ್ಕೆನ್ನದೆ ಓಡತೊಡಗಿತು. ಹೆಡ್‌ಮಾಸ್ತರರು ಕಿಟಕಿ ತೆಗೆದರು.

ಹೋಗಿದ್ದು ಒಂದೇ ನಾಜಲ್ ಎಂದು ನಾನು ಮೊದಲೇ ಹೇಳಿರಲಿಲ್ಲವೆ? ಹೇಳಿದ್ದೆ. ಅದು ಸತ್ಯವಾಯಿತೋ ಇಲ್ಲವೋ? ಆಯಿತು. ಇದನ್ನು ಒಪ್ಪಿಕೊಳ್ಳಲು ಮಿಸ್ತ್ರಿಗೂ ಯಜಮಾನರಿಗೂ ಏನು ಕಷ್ಟವೋ ತಿಳಿಯದು.

ಮೊನ್ನೆ ಮಾನ್ವಿಯಿಂದ ಬರುವಾಗ ಮುಂದಿನ ಎಡಗಾಲಿಯಲ್ಲಿ ಕರಕರ ಸದ್ದು ಕೇಳಿತು. ಬೇರಿಂಗ್. ನನಗೆ ಅನುಮಾನವೇ ಇಲ್ಲ. ಭಾನುವಾರ ಬೆಳಿಗ್ಗೆ ಸೆರಗು ಸಿಕ್ಕಿಸಿ ಪಾನಾ ಹುಡುಕಿದೆ. ಡಿಕ್ಕಿಯಲ್ಲಿ ಇಲ್ಲ, ಅಟ್ಟದ ಮೇಲೆ ಇಲ್ಲ. ಕೊನೆಗೆ ದೇವರ ಜಗಲಿಯ ಮೇಲೆ ಸಿಕ್ಕಿತು. ದೊಡ್ಡದು, ಸಣ್ಣದು, ಎಲ್ಲ ಪಾನಾಗಳಿಗೂ ಮೂರು ಮೂರು ಗೀಟು ವಿಭೂತಿ, ಮೇಲೆ ಕಣಗಿಲೆ ಹೂವು.

"ಮುಟ್ಟಬ್ಯಾಡವ್ವಾ," ಎಂದರು ಅತ್ತೆ, ಜಪಮಾಲೆಯಿಂದ ಕಣ್ಣೆತ್ತದೆ. "ಅವೀಗ ದೇವರ ಸಾಮಾನು."