ಒಂದು ಬಿಲ್ಡಿಗೆ ಎರಡು ಈಡುಗಾಯಿ

೧. ಬೋರ್ಡಿನ ಕೆಳಗೆ

“ಅಮ್ಮ, ಇಲ್ಲಿ ಬೀಗದ ಕಂಪನಿ ಎಲ್ಲಿ ಬರುತ್ತೆ?”

ಚಾಮರಾಜಪೇಟೆಯ ಅದೇ ಹೂವಿನ ಗಾಡಿಯ ಮುಂದೆ ನಾನು ಹಾದು ಬಂದದ್ದು ಅದು ಮೂರನೇ ಸಲ. ಫೋನಿನ ಮ್ಯಾಪು ‘ತಲುಪಿದ್ದೀರಿ’ ಎಂದು ಎರಡು ಸಲ ಹೇಳಿ, ಬೇಸರ ಬಂದು ಸುಮ್ಮನಾಗಿತ್ತು. ಇಸ್ತಾಂಬುಲ್ಲಿನ ಸಂತೆಯಲ್ಲಿ, ಲಿಸ್ಬನ್ನಿನ ಏರುಗಲ್ಲಿಗಳಲ್ಲಿ ಒಬ್ಬಳೇ ಅಲೆದವಳು ನಾನು. ದಾರಿ ತಪ್ಪುವುದು ಮಾತ್ರ ಯಾವಾಗಲೂ ಹುಟ್ಟೂರಿಗೆ ಬಂದ ಮೇಲೆ. ಇಂಥ ಫಜೀತಿಗಳು ನನ್ನ ವಿಳಾಸ ಕೇಳಿಕೊಂಡೇ ಬರುತ್ತವೆ.

“ಸೀದಾ ಹೋಗ್ಬೇಡಿ,” ಎಂದಳು ಹೂವಿನಾಕೆ, ಮೊಳ ಅಳೆಯುತ್ತಲೇ.

“ಲೆಫ್ಟಿಗಾ?”

“ಲೆಫ್ಟಿಗೂ ಬೇಡ, ರೈಟಿಗೂ ಬೇಡ. ತಲೆ ಎತ್ತಿ.”

ಎತ್ತಿದೆ. ಬೀಗದ ಕಂಪನಿಯ ಬೋರ್ಡು.

“ಮೂರು ಸಲಾನೂ ಅದರ ಕೆಳಗೇ ನಿಂತು ಬೆವರು ಒರಸ್ಕೊಂಡ್ರಿ. ನೆರಳಿಗೆ ಬಂದಿದಾರೆ ಅನ್ಕೊಂಡೆ.”

೨. ಕೀ ಎಲ್ಲಿದೆ?

ಕಂಪನಿಯ ಯಜಮಾನರ ತಾತ ಮಾಮೂಲ್‌ಪೇಟೆಯಲ್ಲಿ ಹಿತ್ತಾಳೆ ಬೀಗ ಮಾರಿದವರು. ಹಣೆತುಂಬ ವಿಭೂತಿ ಹಚ್ಚುವ ಮೊಮ್ಮಗ ಈಗ ಫೋನಿನಿಂದ ತೆಗೆಯುವ ಎಲೆಕ್ಟ್ರಾನಿಕ್ ಬೀಗ ಮಾಡುತ್ತಾರೆ. ಬೀಗದೊಳಗೆ ಒಂದು ಪ್ರೋಗ್ರಾಮು ಕೂತಿರುತ್ತದೆ. ಅದನ್ನು ಯಾರೂ ಕದಿಯದ ಹಾಗೆ ಗುಟ್ಟಿನ ಲಿಪಿಗೆ ತಿರುಗಿಸಲು ಒಂದು ಟೂಲು. ಎರಡನ್ನೂ ಸೇರಿಸಿ ಒಂದೇ ಕಮಾಂಡಿಗೆ ಒಂದು ಫೈಲು ಅಡುಗೆಯಾಗಿ ಇಳಿಯುವಂತೆ ಜೋಡಿಸುವುದು ನನ್ನ ಕೆಲಸ; ಈ ಅಡುಗೆಗೆ ನಮ್ಮವರು ಬಿಲ್ಡ್ ಎನ್ನುತ್ತಾರೆ. ಶುಕ್ರವಾರ ಮಧ್ಯಾಹ್ನ ಹನ್ನೆರಡರೊಳಗೆ ಫೈಲು ಫ್ಯಾಕ್ಟರಿ ಸೇರಬೇಕು. ತಪ್ಪಿದರೆ ಅಲ್ಲಿಯ ಮೆಷೀನು ಬೇರೆಯವರ ಪಾಲು. ಕಾಟನ್‌ಪೇಟೆ ವರ್ತಕರು ಕೊಟ್ಟ ಮೊದಲ ದೊಡ್ಡ ಆರ್ಡರು ಕೈಬಿಟ್ಟ ಹಾಗೆ. “ಎರಡು ದಿನದ ಕೆಲಸ ಸಾರ್,” ಎಂದಿದ್ದೆ, ಸೋಮವಾರ.

ಮೊದಲು ಬೇಕಾದದ್ದು ಗುಪ್ತ ಕೀ, ಅಂದರೆ ಅರವತ್ತನಾಲ್ಕು ಅಕ್ಷರಗಳ ಒಂದು ಸಾಲು. ಆಫೀಸಿನ ಸಕಲವನ್ನೂ ನೋಡಿಕೊಳ್ಳುವ ಅಕ್ಕನನ್ನು ಕೇಳಿದೆ.

“ಅಕ್ಕ, ಕೀ ಎಲ್ಲಿದೆ?”

ಡ್ರಾಯರಿನಿಂದ ದೊಡ್ಡ ಗೊಂಚಲೊಂದನ್ನು ತೆಗೆದು ಟೇಬಲ್ಲಿನ ಮೇಲೆ ಹಾಕಿದರು. “ಯಾವುದು ಬೇಕೋ ನೋಡ್ಕೊಳಿ.”

“ಇದಲ್ಲ. ಸೀಕ್ರೆಟ್ ಕೀ.”

ಅಕ್ಕ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. “ಅದಾ? ದೇವರ ಫೋಟೋ ಹಿಂದಿದೆ.”

ತಮಾಷೆ ಎಂದುಕೊಂಡು ಫೋಟೋಗೆ ಕೈ ಚಾಚಿದೆ.

“ಹಾಗೇ ಮುಟ್ಟೋದಾ? ಕೈಕಾಲು ತೊಳ್ಕೊಂಡು ಬನ್ನಿ.”

ತೊಳೆದು ಬಂದು ತೆಗೆದರೆ, ಮೂಲೆಗೆ ಕುಂಕುಮ ಹಚ್ಚಿದ ಚೀಟಿಯಲ್ಲಿ ಅರವತ್ತನಾಲ್ಕೂ ಅಕ್ಷರ ಭದ್ರವಾಗಿದ್ದವು. ದೊಡ್ಡ ಕಂಪನಿಗಳು ಕೊಚ್ಚಿಕೊಳ್ಳುವ ಎರಡು ಹಂತದ ಭದ್ರತೆ ಚಾಮರಾಜಪೇಟೆಯಲ್ಲಿ ಮೊದಲೇ ಇತ್ತು: ಒಂದನೇ ಹಂತ ಕೈ, ಎರಡನೇದು ಕಾಲು.

೩. ಈಗ ಬೇಡ

ಸೋಮವಾರ ಪರೀಕ್ಷೆಗೆಂದು ಮಾಡಿದ ಬಿಲ್ಡ್ ಸಲೀಸಾಗಿ ಆಯಿತು. ಮಂಗಳವಾರ ಮೂರೂಕಾಲಿಗೆ ನಿಂತಿತು. ಬುಧವಾರ ಹನ್ನೆರಡೂವರೆಗೆ. ಪರದೆಯ ಮೇಲೆ ಎರಡೇ ಪದ: “ಈಗ ಬೇಡ.” ಮೆಮೊರಿ ನೋಡಿದೆ, ವೈರು ನೋಡಿದೆ, ಸೆಕೆ ಇರಬಹುದೆಂದು ಕಂಪ್ಯೂಟರಿಗೆ ಟೇಬಲ್ ಫ್ಯಾನ್ ಇಟ್ಟೆ. ಟೂಲು ಬರೆದ ಹಳೇ ಎಂಜಿನಿಯರ್ ಕೆಲಸ ಬಿಟ್ಟು ಹೋಗಿದ್ದ, ಫೋನೂ ಎತ್ತುತ್ತಿರಲಿಲ್ಲ.

ಗುರುವಾರ ಒಂದೂಮುಕ್ಕಾಲಿಗೆ ಮತ್ತೆ “ಈಗ ಬೇಡ.”

“ಬಸವನಗುಡಿ ಗಣಪನಿಗೊಂದು ಈಡುಗಾಯಿ ಹೇಳ್ಕೊಳಿ,” ಎಂದರು ಅಕ್ಕ.

“ಅಕ್ಕ, ಇದು ಕಂಪ್ಯೂಟರು.”

“ಕಂಪ್ಯೂಟರಾದ್ರೆ ಬೇಡ ಅಂತ ಅವನೇನಾದ್ರೂ ಅಂದ್ನಾ?”

ಹೇಳಿಕೊಂಡೆ. ಮೂರು ಗಂಟೆಯಾಗುತ್ತಲೇ ಬಿಲ್ಡ್ ಆಯಿತು. ಅದೇ ಹೊತ್ತಿಗೆ ಕುಮಾರ ಪಾರ್ಕಿನಿಂದ ಹಳೇ ಎಂಜಿನಿಯರ್ ಫೋನ್ ಮಾಡಿದ.

“ಮೇಡಂ, ಅದು ಬಗ್ ಅಲ್ಲ, ರಾಹುಕಾಲ. ಆ ಹೊತ್ತಲ್ಲಿ ಹೊಸ ಮಾಲು ಹೊರಗೆ ಹೋಗ್ಬಾರ್ದು ಅಂದ್ರು ಯಜಮಾನ್ರು. ವಾರ ನೋಡಿ, ಟೈಮ್ ನೋಡಿ, ನಿಲ್ಲಿಸೋ ಹಾಗೆ ಬರ್ದಿದೀನಿ.”

ನಾನು ಗೆದ್ದವಳಂತೆ ಅಕ್ಕನ ಕಡೆ ತಿರುಗಿದೆ. “ಗಣಪ ಏನೂ ಮಾಡ್ಲಿಲ್ಲ, ನೋಡಿ. ಹರಕೆ ಕ್ಯಾನ್ಸಲ್.”

“ಮತ್ತೆ ಆ ಫೋನ್ ಮಾಡಿಸಿದ್ಯಾರು?” ಎಂದರು ಅಕ್ಕ.

೪. ಐದೂಕಾಲು

ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಫ್ಯಾಕ್ಟರಿಯಿಂದ ಕರೆ: ಹಿಂದಿನ ದಿನ ಕಳಿಸಿದ ಪ್ರೋಗ್ರಾಮಿನಲ್ಲಿ ಒಂದು ಸಣ್ಣ ಬದಲಾವಣೆ ಬೇಕು. ಬದಲಿಸಿ ಮುಗಿಸುವಾಗ ಹತ್ತೂಮುಕ್ಕಾಲು. ಶುಕ್ರವಾರದ ರಾಹುಕಾಲ ಹತ್ತೂವರೆಯಿಂದ ಹನ್ನೆರಡು. ಟೂಲಿನ ಬಾಯಿ ಮುಚ್ಚಿಸಲು ನನಗೆ ಬರುತ್ತಿತ್ತು. ಆದರೆ ಕೊನೆಯ ಪಾಸ್‌ವರ್ಡ್ ಒತ್ತಬೇಕಾದವರು ಯಜಮಾನರು, ಅವರು ಕೈಕಟ್ಟಿ ಕೂತಿದ್ದರು.

“ನಮ್ಮ ತಾತ ರಾಹುಕಾಲದಲ್ಲಿ ಒಂದು ಮೊಳೆ ಕೂಡ ಮಾರಿದೋರಲ್ಲ ಮೇಡಂ. ಆರ್ಡರ್ ಹೋದ್ರೆ ಹೋಗ್ಲಿ.” ಹೇಳಿದ್ದು ಹಾಗೆ. ಕಣ್ಣು ಮಾತ್ರ ಗೋಡೆ ಗಡಿಯಾರ ಬಿಟ್ಟು ಕದಲಲಿಲ್ಲ.

“ಸಾರ್, ರಾಹುಕಾಲ ಊರಿಂದೂರಿಗೆ ಬೇರೆ ಅಲ್ವಾ?”

“ಹೌದು. ಅಲ್ಲಲ್ಲಿಯ ಸೂರ್ಯೋದಯದ ಮೇಲೆ.”

ಕಂಪ್ಯೂಟರಿನ ಗಡಿಯಾರವನ್ನು ಲಿಸ್ಬನ್ನಿಗೆ ತಿರುಗಿಸಿದೆ. “ಈ ಮೆಷೀನು ಈಗ ಲಿಸ್ಬನ್ನಲ್ಲಿದೆ ಸಾರ್. ಅಲ್ಲಿ ಬೆಳಗಿನ ಐದೂಕಾಲು.”

“ಐದೂಕಾಲು ಅಂದ್ರೆ…” ಯಜಮಾನರು ಮೆಲ್ಲಗೆ ಎದ್ದು ನಿಂತರು. “ಬ್ರಾಹ್ಮೀ ಮುಹೂರ್ತ.”

ಚಪ್ಪಲಿ ಬಿಟ್ಟರು, ಕೀಬೋರ್ಡಿಗೆ ಕೈಮುಗಿದರು. ಇನ್ನೇನು ಒತ್ತಬೇಕು, ಆಗ ಕೇಳಿದರು: “ಪೂರ್ವ ಯಾವ ಕಡೆ?”

“ಇಲ್ಲೀದಾ, ಲಿಸ್ಬನ್ದಾ?” ಎಂದರು ಅಕ್ಕ.

೫. ಬಾಕಿ

ಫೈಲು ಅರ್ಧ ಗಂಟೆ ಮುಂಚೆಯೇ ಫ್ಯಾಕ್ಟರಿ ಸೇರಿತು, ಆರ್ಡರು ಉಳಿಯಿತು. ಉಳಿದದ್ದು ಇನ್ನೊಂದಿತ್ತು: ಗಣಪನ ಸಾಲ.

ಶನಿವಾರ ಬೆಳಿಗ್ಗೆ ಅಕ್ಕ ನನ್ನನ್ನು ಬಸವನಗುಡಿಗೆ ಎಳೆದುಕೊಂಡು ಹೋದರು. ಕಾಯಿ ಎತ್ತಿ ಬಲವಾಗಿ ಒಗೆದೆ. ಕಲ್ಲಿಗೆ ಬಡಿದು, ಚೆಂಡಿನಂತೆ ಪುಟಿದು, ಯಾರದೋ ಚಪ್ಪಲಿ ಪಕ್ಕ ಹೋಗಿ ಮಲಗಿತು. ಒಂದು ಬಿರುಕೂ ಇಲ್ಲ.

ಅಕ್ಕ ನನ್ನ ಕೈ ಹಿಡಿದು ವಾಚು ನೋಡಿದರು. “ಒಂಬತ್ತೂಕಾಲು. ಇವತ್ತು ರಾಹುಕಾಲ ಒಂಬತ್ತಕ್ಕೇ ಶುರು. ಅವನು ‘ಈಗ ಬೇಡ’ ಅಂತಿದಾನೆ. ಹತ್ತೂವರೆ ತನಕ ಕೂತ್ಕೊಳೋಣ.”

ಒಂದೂಕಾಲು ಗಂಟೆ ಒಂದೇ ಕಡೆ ಕೂರುವ ಜಾಯಮಾನ ನನ್ನದಾಗಿದ್ದರೆ ಇಷ್ಟು ದೇಶ ಸುತ್ತುತ್ತಲೇ ಇರಲಿಲ್ಲ. ಕಾಯಿ ಹೆಕ್ಕಿ ತಂದೆ. ವಾಚಿನ ಮುಳ್ಳನ್ನು ಐದೂವರೆ ಗಂಟೆ ಹಿಂದಕ್ಕೆ ತಿರುಗಿಸಿ, ಗಣಪನಿಗೂ ಕಾಣಲೆಂದು ಕೈ ಎತ್ತಿ ತೋರಿಸಿ, ಒಗೆದೆ. ಚೂರುಚೂರು.

ಅಕ್ಕ ಒಂದು ಚೂರು ಆರಿಸಿ ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದರು.

“ಇದು ಲಿಸ್ಬನ್ ಲೆಕ್ಕಕ್ಕೆ ಹೋಯ್ತು,” ಎಂದರು. “ನಮ್ಮ ಗಣಪನಿಗೆ ಇನ್ನೊಂದು ತನ್ನಿ.”

ತಂದೆ. ಕೂತೆ. ಹತ್ತೂಮೂವತ್ತೊಂದಕ್ಕೆ ಅದನ್ನೂ ಒಡೆದೆ.